ಅಕ್ಕನಿಗೆ ನಾನು ಮಾಡಿದ ಬಾಣಂತನ

ಎರಡು ಸಾವಿರನೇ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನಾಗ ಬೆಂಗಳೂರಿನ ಹಲಸೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದೆ. ಕಲಬುರಗಿಯಿಂದ ಅಕ್ಕ ತನ್ನ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದು ನನ್ನಲ್ಲೇ ಉಳಿದಿದ್ದಳು. ಅವಳ ಎದೆಯ ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾಗಿ, ಇಲ್ಲಿನ ಆಸ್ಪತ್ರೆಯಲ್ಲಿ ಆಪರೇಷನ್ನು, ಔಷಧಿ ಎಲ್ಲ ಮುಗಿದಿತ್ತು. ಅವ್ವ ಹೋದದ್ದೂ ಅದೇ ಕಾಯಿಲೆಯಿಂದ.

ಸೋತು ಬಂದ ಹೆಂಗಸನ್ನು ನೋಡಿಕೊಳ್ಳಲು ನಮಗೆ ಗೊತ್ತಿದ್ದದ್ದು ಒಂದೇ ದಾರಿ, ಬಾಣಂತನ. ಅಕ್ಕನ ತಲೆಗೆ ಬಟ್ಟೆ ಕಟ್ಟಿದೆ, ಕಿವಿಗೆ ಹತ್ತಿ ಇಟ್ಟೆ. ಬೆಳಿಗ್ಗೆ ಅಂಟಿನುಂಡೆ, ಮಧ್ಯಾಹ್ನ ಬಿಸಿ ಅನ್ನಕ್ಕೆ ಧಾರಾಳ ತುಪ್ಪ. ನೀರಿನ ಲೋಟ ಎತ್ತಲೂ ಬಿಡಲಿಲ್ಲ. ಅಕ್ಕನೂ ಹಠ ಮಾಡಲಿಲ್ಲ. ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಇಲ್ಲೇ ಶಾಲೆಗೆ ಸೇರಿಸಿದ್ದ ಮಗಳು ಹೊರಟಾಗ ಮಾತ್ರ ಒಮ್ಮೆ ಹೇಳಿದಳು, "ಇಕಿ ದೊಡ್ಡಾಕಿ ಆಗೋದು ನೀನೇ ನೋಡು ತಂಗಿ. ನನ್ನ ನಸೀಬದಾಗ ಇಲ್ಲ."

ನಾಲ್ಕನೇ ತಿಂಗಳು ತಪಾಸಣೆಗೆ ಹೋದಾಗ ಆಸ್ಪತ್ರೆಯ ಮೆಟ್ಟಿಲು ಹತ್ತಲು ಅಕ್ಕನಿಗೆ ಏದುಸಿರು ಬಂತು. ತೂಕ ಏರಿತ್ತು. ದಿನಾ ಎಷ್ಟು ನಡೆಯುತ್ತಾರೆ ಎಂದು ಡಾಕ್ಟರಮ್ಮ ಕೇಳಿದರು.

"ಹಾಸಿಗೆಯಿಂದ ಏಳಕ್ಕೇ ಬಿಟ್ಟಿಲ್ಲ ಮೇಡಂ," ಎಂದೆ, ಹೆಮ್ಮೆಯಿಂದ.

"ಯಾರ್ರೀ ಹೇಳಿದ್ದು ನಿಮಗೆ? ಇವ್ರಿಗೇನು ಹೆರಿಗೆ ಆಗಿದ್ಯಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಅಂಟು ಹುರಿದು ಕುಟ್ಟಿದ ನನ್ನ ಕೈ ಇವರು ನೋಡಿದ್ದರೇ? ಅಷ್ಟರಲ್ಲಿ ಅಕ್ಕ ಬಾಯಿ ಬಿಟ್ಟಳು, "ಅವ್ವನ ರಕ್ತದಾಗಿಂದ ಬಂದದ್ದು ರೀ. ನಡದ್ರ ಹೊಂಟು ಹೋಗ್ತದೇನು?"

ಡಾಕ್ಟರಮ್ಮನ ದನಿ ಮೆತ್ತಗಾಯಿತು. "ಹುಟ್ಟಿನಿಂದ ಬಂದ ಜೀನ್ ಬದಲಾಗಲ್ಲಮ್ಮ. ಆದ್ರೆ ಯಾವ ಜೀನ್ ಎಷ್ಟು ಕೆಲಸ ಮಾಡತ್ತೆ ಅನ್ನೋದು ನಾವು ಬದುಕೋ ರೀತಿ ಮೇಲೂ ಇದೆ. ದಿನಾ ಮೈ ಬಗ್ಗಿಸಿದ್ರೆ ಅದು ಸ್ವಲ್ಪ ಸ್ವಲ್ಪ ಸರಿಹೋಗತ್ತೆ. ಒಳಗೊಳಗೇ ಇರೋ ಬಾವು, ಉರಿಯೂತನೂ ಇಳಿಯತ್ತೆ. ಕಾಯಿಲೆ ವಾಪಸ್ ಬರೋದೇ ಇಲ್ಲ ಅಂತ ಬರ್ಕೊಡಕ್ಕಾಗಲ್ಲ. ಅಪಾಯ ಕಡಿಮೆ ಮಾಡ್ಕೋಬಹುದು."

ಮರುದಿನ ಬೆಳಿಗ್ಗೆ ತಲೆಯ ಬಟ್ಟೆ ಬಿಚ್ಚಿಸಿ ಅಕ್ಕನನ್ನು ಕೆರೆಯ ಕಡೆ ಹೊರಡಿಸಿದೆ. ಎರಡನೇ ದೀಪದ ಕಂಬಕ್ಕೇ ಕೂತುಬಿಟ್ಟಳು. ನಾನು ಬೈದೆ, ಅವಳೂ ಬೈದಳು. ಕೈ ಬೀಸಿಕೊಂಡು ಬರುತ್ತಿದ್ದ ರಿಟೈರಾದ ಗಂಡಸರನ್ನು ನೋಡಿ, "ಇವ್ರಿಗೆ ಮನಿ ಮಠ ಇಲ್ಲೇನು?" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಬಂದ ಕುಚೋದ್ಯ ಅದು. ನನಗೆ ಸಂತೋಷ ತಡೆಯಲಾಗಲಿಲ್ಲ. ವಾರಕ್ಕೊಂದು ಕಂಬ ಮುಂದೆ ಹೋದೆವು. ನಿಜ ಹೇಳಬೇಕೆಂದರೆ ನಾನು ನಡೆದದ್ದು ನನಗಾಗಿಯೂ ಹೌದು. ಅವ್ವನ ರಕ್ತ ನನ್ನಲ್ಲೂ ಇದೆ, ಆ ಹೆದರಿಕೆಯನ್ನು ಅಕ್ಕನ ಮುಂದೆ ಹೇಳಿರಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಅಕ್ಕ ಕೆರೆ ಸುತ್ತುತ್ತಿದ್ದಳು. ನಾನೇ ಹಿಂದೆ ಬೀಳುತ್ತಿದ್ದೆ. ತಪಾಸಣೆಯಲ್ಲಿ ಸದ್ಯಕ್ಕೆ ಏನೂ ಇಲ್ಲ ಎಂದರು. "ಸದ್ಯಕ್ಕ ಅಂದ್ರು, ಕೇಳಿದಿಲ್ಲೋ," ಎಂದು ಅಕ್ಕ ದಾರಿಯುದ್ದಕ್ಕೂ ಅದೊಂದೇ ಮಾತು ಜಗಿಯುತ್ತ ಬಂದಳು.

ಮೇ ಕೊನೆಯಲ್ಲಿ ಮಗಳ ಯೂನಿಫಾರಂ ಹೊಲಿಸಬೇಕಿತ್ತು. ಆಟೋ ಬೇಡವೆಂದು ಅಕ್ಕನೇ ಹಠ ಹಿಡಿದು ಮೂವರೂ ಶಿವಾಜಿನಗರಕ್ಕೆ ನಡೆದೇ ಹೋದೆವು. ವಯಸ್ಸಾದ ದರ್ಜಿ ಹುಡುಗಿಯ ಸ್ಕರ್ಟಿಗೆ ಅಳತೆ ತೆಗೆದು, "ಕೆಳ್ಗೆ ಎಷ್ಟು ಮಡಚ್ಲಿ ಅಮ್ಮಾ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೈ ಚಾಚಿ ತೋರಿಸಿದಳು. "ನಾಕು ಬೆರಳು ಒಳಗ ಮಡಚ್ರಿ. ಇಕಿ ಬೆಳದಂಗ ವರ್ಷಾ ಒಂದೊಂದು ಬೆರಳು ನಾ ಬಿಚ್ತೀನಿ."