ಗೋಡೆಯಾಚೆಯ ಸಂಭಾಷಣೆ

ಮೊನ್ನೆ ರಾಯಬಾಗದ ಬಸ್ಸಿನಲ್ಲಿ ಪಕ್ಕದವರು ತಪಕೀರಿನ ಡಬ್ಬಿ ತೆರೆದರು. ಆ ನಶ್ಯದ ಘಾಟು ಮೂಗಿಗೆ ಬಡಿದದ್ದೇ ತಡ, ಚಿಕ್ಕೋಡಿಯ ನನ್ನ ಬಾಡಿಗೆ ಖೋಲಿ, ಅದರ ತೆಳ್ಳನೆಯ ಗೋಡೆ, ಗೋಡೆಯಾಚೆಯ ಅಜ್ಜ, ಎಲ್ಲ ಒಟ್ಟಿಗೇ ನೆನಪಿಗೆ ಬಂದವು...

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತೇನೋ. ನನ್ನ ಹಳ್ಳಿ ಸತ್ತಿಯಿಂದ ಬಂದು ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಸಂಜೆಯಾದರೆ ಸಾಕು, ಪಕ್ಕದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಮಾತಾಡುವುದು ಕೇಳಿಸುತ್ತಿತ್ತು. ಒಮ್ಮೆ ಮರಾಠಿ, ಒಮ್ಮೆ ಕನ್ನಡ. ಜಗಳ, ಮುನಿಸು, ಮತ್ತೆ ರಾಜಿ. ನನಗೋ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಆ ಅಜ್ಜಿಯ ಗೆಳೆತನವಾದರೂ ಆದೀತೆಂದು ಒಂದು ಸಂಜೆ ಬಟ್ಟಲಲ್ಲಿ ಸಿಹಿ ಮಾದಲಿ ಹಾಕಿಕೊಂಡು ಹೋದೆ.

"ಅಜ್ಜಿ ಅದಾರೇನ್ರಿ?"

ಅಜ್ಜ ಮೂಗಿಗೆ ಚಿಟಿಕೆ ನಶ್ಯ ಏರಿಸಿ ನಕ್ಕರು. "ಇಲ್ಲಿ ನಾ ಒಬ್ಬನ ಅದೀನಿ ಯವ್ವಾ. ಆಕೀನೂ ನಾನ, ಆತನೂ ನಾನ."

ಅವರು ಕೊಲ್ಲಾಪುರದ ಸ್ಟುಡಿಯೋದಲ್ಲಿ ಸಂಬಳಕ್ಕೆ ಕತೆ, ಸಂಭಾಷಣೆ ಬರೆಯುತ್ತಿದ್ದವರು. ಕಪ್ಪು ಬಿಳುಪು ಸಿನಿಮಾದ ಕಾಲ. ಬರೆದದ್ದನ್ನು ಮಾಲೀಕರ ಮುಂದೆ ತಾವೇ ಆಡಿ ತೋರಿಸಬೇಕಿತ್ತಂತೆ. ನಾಯಕಿಯ ಅಳು, ಮಾವನ ಗದರಿಕೆ, ಎಲ್ಲವೂ ಒಂದೇ ಬಾಯಲ್ಲಿ. ಮಾಲೀಕರು ಆಕಳಿಸಿದರೋ, ಆ ದೃಶ್ಯದ ಕತೆ ಮುಗಿಯಿತು. ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿದ್ದರೂ, ಜೋರಾಗಿ ಆಡದೆ ಒಂದು ಸಾಲು ಬರೆಯಲೂ ಅವರಿಗೆ ಬರುತ್ತಿರಲಿಲ್ಲ.

ಹೋಗಿ ಬಂದು ಮಾಡುವಾಗ ಗೊತ್ತಾಯಿತು, ಅವರು ವರ್ಷಗಟ್ಟಲೆ ತಿದ್ದುತ್ತಿದ್ದದ್ದು ಒಂದೇ ದೃಶ್ಯ. ಗಂಡ ಬಹಳ ದಿನದ ಮೇಲೆ ಮನೆಗೆ ಬರುತ್ತಾನೆ, ಹೆಂಡತಿ ಬಾಗಿಲು ತೆರೆಯುತ್ತಾಳೆ... ಅವಳ ಮೊದಲ ಮಾತೇ ಅವರಿಗೆ ಸಿಗುತ್ತಿರಲಿಲ್ಲ. ಅವರ ಹೆಂಡತಿ ಊರು ಜುಗೂಳದಲ್ಲಿ ಜ್ವರ ಬಂದು ಮಲಗಿದಾಗ, ಕೈಯಲ್ಲಿದ್ದ ಸಿನಿಮಾದ ಮಾತು ಮುಗಿಸಿಕೊಟ್ಟು ಹೊರಡೋಣವೆಂದು ಇವರು ತಡೆದಿದ್ದರು. ಊರಿಗೆ ಬಂದಾಗ ಬಾಗಿಲು ತೆರೆದವರು ನೆರೆಯವರು.

"ಊರ ಮಂದಿ ಹೆಂಡರ ಬಾಯಾಗೆಲ್ಲಾ ಮಾತ ಇಟ್ಟೆ ಯವ್ವಾ. ನನ್ನಾಕಿ ಏನಂತಿದ್ಲೋ, ಒಂದೂ ಹೊಳೀವಲ್ದು. ನೀ ಹೇಳ ನೋಡೂನು."

ನನಗೇನು ಗೊತ್ತು? ಹೊಲದಿಂದ ಬಂದ ಅಪ್ಪನಿಗೆ ನಮ್ಮವ್ವ ದಿನಾ ಅನ್ನುತ್ತಿದ್ದದ್ದನ್ನೇ ಅಂದೆ. "ಕಾಲ ತೊಳಕೊಂಡ ಬರ್ರಿ, ರೊಟ್ಟಿ ಆರಾಕತ್ತಾವ."

ಅಜ್ಜ ನಶ್ಯದ ಡಬ್ಬಿ ಮುಚ್ಚಿಟ್ಟರು. "ನಮ್ಮ ಮಾಲಕ ಇದನ್ನ ಹರದ ಒಗೀತಿದ್ದ" ಎಂದರು. ನಗಲು ಹೋದರು, ಆಗಲಿಲ್ಲ.

ಮರುದಿನದಿಂದ ಸಂಜೆಯ ಜಗಳ ನಿಂತುಹೋಯಿತು. ಹೆಣ್ಣುದನಿಯಲ್ಲಿ ಆ ಒಂದು ಮಾತು ಮಾತ್ರ ಕೇಳುತ್ತಿತ್ತು. ಆಮೇಲೆ ಬಚ್ಚಲಲ್ಲಿ ನೀರು ಸುರಿಯುವ ಸಪ್ಪಳ. ಅವರು ನಿಜವಾಗಿಯೂ ಕಾಲು ತೊಳೆದುಕೊಳ್ಳುತ್ತಿದ್ದರು. ನಾನು ಹಿಟ್ಟಿನ ಕೈಯಲ್ಲೇ ಗೋಡೆಯ ಹತ್ತಿರ ನಿಂತು ಕೇಳುತ್ತಿದ್ದೆ.

ಒಂದು ಸಂಜೆ ಮಾತೂ ಬರಲಿಲ್ಲ, ನೀರಿನ ಸಪ್ಪಳವೂ ಬರಲಿಲ್ಲ... ಓಣಿಯವರೇ ಸೇರಿ ಮಣ್ಣು ಮಾಡಿದರು.

ಈಗ ಅವ್ವನೂ ಇಲ್ಲ. ನನ್ನ ಮದುವೆಯ ಮಾತುಗಳು ಬಂದವು, ಹೋದವು, ಒಂಟಿಯಾಗಿಯೇ ಉಳಿದೆ. ಮೊನ್ನೆ ಬಸ್ಸಿಳಿದು ಬಂದು ಕೀಲಿ ತೆಗೆದಾಗ, ಏಕೋ ಹೊಸ್ತಿಲಲ್ಲೇ ನಿಂತು ಜೋರಾಗಿ ಅಂದೆ: "ಕಾಲ ತೊಳಕೊಂಡ ಬಾ, ರೊಟ್ಟಿ ಆರಾಕತ್ತಾವ."

ಅವ್ವನ ದನಿಯಲ್ಲಿ ಅನ್ನಬೇಕೆಂದಿದ್ದೆ. ಬಂದದ್ದು ಅಜ್ಜನ ಹೆಣ್ಣುದನಿ. ಇಬ್ಬರೂ ಇಲ್ಲವೆಂಬುದು ಆಗ ನನಗೆ ಪೂರ್ತಿ ತಿಳಿಯಿತು. ಮನೆಯಲ್ಲಿ ರೊಟ್ಟಿಯೇನೂ ಇರಲಿಲ್ಲ. ಆದರೂ ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡೆ.