ಅಗಿಗೆ ಬಿಸಿಲು ಕಲಿಸಿದವರು

ಚಾಚಾ ಅವರ ಬಲಗೈ ಎಡಗೈಗಿಂತ ಕಪ್ಪಗಿತ್ತು. ಮೊಣಕೈಯಿಂದ ಕೆಳಗೆ ಬೇರೊಬ್ಬರ ಕೈ ತಂದು ಜೋಡಿಸಿದ ಹಾಗೆ. ಚರ್ಮ ದಪ್ಪ, ಬಣ್ಣ ಸುಟ್ಟ ಬೆಲ್ಲದ್ದು, ಕೂದಲು ಮಾತ್ರ ಬಿಳಿ. ಬಸ್ಸಿನ ಡ್ರೈವರ್ ಬಲಗಡೆಯ ಕಿಟಕಿಗೆ ಕೂರುತ್ತಾನೆ, ಆ ಕೈ ವರ್ಷಗಟ್ಟಲೆ ಬಿಸಿಲಿಗೆ ಹೊರಗಿರುತ್ತದೆ. ಇದನ್ನು ಬರೆಯುತ್ತಿರುವಾಗಲೇ ಅನುಮಾನ ಬರುತ್ತದೆ. ನಾನು ಅದನ್ನು ನಿಜವಾಗಿ ಗಮನಿಸಿದ್ದೆನೇ, ಅಥವಾ ಡ್ರೈವರ್ ಎಂದಮೇಲೆ ಹೀಗೇ ಇರಬೇಕೆಂದು ಆಮೇಲೆ ಕಟ್ಟಿಕೊಂಡೆನೇ? ಒಂದು ದಿನ ಅವರು ಎರಡೂ ಕೈಗಳನ್ನು ಮುಂದೆ ಮಾಡಿ ಹೆಂಡತಿಗೆ ತೋರಿಸಿದ್ದು ಚೆನ್ನಾಗಿ ನೆನಪಿದೆ. ಆದ್ದರಿಂದ ಕೈಯ ಬಣ್ಣವನ್ನಾದರೂ ನಂಬಬಹುದು.

ನಾನು ಬೈಲಹೊಂಗಲದವಳು. ಇತಿಹಾಸ ಓದಿ ರಾಮದುರ್ಗದ ಕಾಲೇಜಿಗೆ ಪಾಠ ಮಾಡಲು ಬಂದಾಗ ಅವರ ಮನೆಯ ಮೇಲಿನ ಖೋಲಿ ಬಾಡಿಗೆಗೆ ಸಿಕ್ಕಿತು. ಮುಂದೆ ಗಚ್ಚಿನ ಮಾಳಿಗೆ, ಕೆಳಗೆ ಚಾಚಾ ಮತ್ತು ಚಾಚಿ. ಬಸ್ಸಿನ ಕೆಲಸದಿಂದ ನಿವೃತ್ತರಾಗಿ ಅವರಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮೈ ಮಾತ್ರ ಡ್ಯೂಟಿಯಲ್ಲೇ ಇತ್ತು. ನಸುಕಿನಲ್ಲೇ ಎದ್ದು ಖಾಕಿ ಪ್ಯಾಂಟು ತೊಟ್ಟು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಓಣಿಯಲ್ಲಿ ಯಾರು ಹೊರಟರೂ "ಎಲ್ಲಿತನಕ?" ಎಂದು ಕೇಳುತ್ತಿದ್ದರು. ಮನೆಯ ಬಾಗಿಲು ಹಾಕುವ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡುವುದು ಅವರ ಅಭ್ಯಾಸ, ಹತ್ತುವವರು ಯಾರಾದರೂ ಉಳಿದಿದ್ದಾರೇನೋ ಎಂಬಂತೆ. ಗಂಡ ಹೆಂಡಿರ ಮಾತು ಉರ್ದುವಿನಲ್ಲಿ, ನಾನಿದ್ದರೆ ಕನ್ನಡದಲ್ಲಿ.

"ನಿನ್ನ ಚಾದ ಗಾಡಿ ಇವತ್ತೂ ಲೇಟ್ ಐತಿ."

"ಸ್ಟ್ಯಾಂಡಿನ್ಯಾಗ ಕುಂತಾವ್ರಿಗೆ ಇಷ್ಟ್ಯಾಕ ಅವಸರ?" ಚಾಚಿಯ ಉತ್ತರ ಒಳಗಿನಿಂದಲೇ ಬರುತ್ತಿತ್ತು.

ಸುರೇಬಾನದಲ್ಲಿ ಅವರ ಅಣ್ಣ ಮನೆತನದ ಹೊಲ ಮಾಡಿಕೊಂಡಿದ್ದರು. ಚಾಚಾ ಹುಟ್ಟಿದ್ದು ಅಲ್ಲೇ, ಆದರೆ ಮೀಸೆ ಬರುವ ಮೊದಲೇ ಲಾರಿಯ ಕ್ಲೀನರ್ ಆಗಿ ಹೊರಟುಹೋದವರು. ಮುಂದೆ ಅದೇ ರಸ್ತೆಯಲ್ಲಿ ಬಸ್ ಓಡಿಸುವ ಕೆಲಸ ಸಿಕ್ಕಿತು. "ದಿನಾ ನಮ್ಮ ಹೊಲದ ಮುಂದಿಂದನ ಹೋಗತಿದ್ನಿರಿ ಅಕ್ಕಾರ. ಒಮ್ಮೆನೂ ಇಳದಿಲ್ಲ. ಅಲ್ಲಿ ಸ್ಟಾಪ್ ಇಲ್ಲ" ಎಂದು ನನಗೆ ಹೇಳಿದ್ದರು. ತಮಾಷೆಯಾಗಿ ಹೇಳಿದರೋ ಇಲ್ಲವೋ, ಆಗ ನಾನು ನಕ್ಕಿದ್ದೆ.

ನಿವೃತ್ತಿಯಾದ ಮೇಲೆ ಅವರಿಗೆ ಬೇಕಾದದ್ದು ಒಂದೇ, ಆ ಹೊಲದಲ್ಲಿ ಇಳಿದು ಏನಾದರೂ ಬೆಳೆಯುವುದು. ಅಣ್ಣನನ್ನು ಕೇಳಿದರು. ಅಣ್ಣ ರಾಮದುರ್ಗದ ಸಂತೆಗೆ ಬಂದವರು ಕಟ್ಟೆಯ ಮೇಲೆ ಕೂತು ಉತ್ತರ ಕೊಟ್ಟರು. ಅಣ್ಣತಮ್ಮಂದಿರದೂ ಉರ್ದುವೇ, ಬೈಯುವಾಗ ಮಾತ್ರ ಅಣ್ಣ ಕನ್ನಡಕ್ಕೆ ಬರುತ್ತಿದ್ದರು. ಓಣಿಗೂ ಕೇಳಲಿ ಎಂದಿರಬೇಕು.

"ಸ್ಟೇರಿಂಗ್ ಹಿಡದ ಕೈಗೆ ಕಳೆ ತಗ್ಯೂ ಕುರಪಿ ಒಗ್ಗೂದಿಲ್ಲೊ ತಮ್ಮಾ. ಬಾವಿ ಕಡೆ ಮೂಲಿ ಒಂದ ಸಲ ಕೊಡತೇನಿ. ನಿನ್ನ ಕೈಯಾಗ ಮೆಣಸಿನ ಗಿಡಾ ನಿಂತ್ರ ಆ ಮೂಲಿ ನಿಂದ. ನಿಲ್ಲಲಿಲ್ಲಂದ್ರ ಕಬ್ಬ ಹಚ್ಚಿಬಿಡತೇನಿ. ಆಮ್ಯಾಲ ನೀ ಇಲ್ಲೇ ಕುಂತು ಓಣಿ ಕಾಯಿ."

ಕಬ್ಬು ಒಮ್ಮೆ ಹಚ್ಚಿದರೆ ವರ್ಷಗಳ ತನಕ ಜಾಗ ಬಿಡುವುದಿಲ್ಲ. ಚಾಚಾ ಅವರ ವಯಸ್ಸಿಗೆ ಅದರ ಅರ್ಥ, ಇನ್ನೆಂದೂ ಇಲ್ಲ ಎಂದು.

ಯರಗಟ್ಟಿಯ ಅಂಗಡಿಯಿಂದ ಕಪ್ಪು ಟ್ರೇಗಳು ಬಂದವು, ಒಂದೊಂದರಲ್ಲೂ ಸಾಲು ಸಾಲು ಸಣ್ಣ ಗುಳಿಗಳು. ಹೊಲದಲ್ಲಿ ಸಸಿಮಡಿ ಮಾಡಿದರೆ ಕಾಯುವವರಿಲ್ಲ, ಮೇಲೆ ವೈಶಾಖದ ಬಿಸಿಲು. ಹಾಗಾಗಿ ಟ್ರೇಗಳಿಗೆ ಜಾಗ ಬಿಟ್ಟು ಮುಂದಿನ ಖೋಲಿಯ ಮಂಚ ಗೋಡೆಗೆ ನಿಂತಿತು, ಬಂದವರು ಅಡುಗೆಮನೆಯಲ್ಲೇ ಕೂರಬೇಕಾಯಿತು. ನಮ್ಮ ಕಡೆ ನೆಡುವ ಸಸಿಗೆ ಅಗಿ ಎನ್ನುತ್ತೇವೆ. ಮೆಣಸಿನ ಅಗಿ ಎದ್ದಾಗ ಚಾಚಾ ಅವರ ಮುಖ ನೋಡಬೇಕಿತ್ತು. ಒಂದೇ ಕಿಟಕಿ, ಅಗಿಗಳೆಲ್ಲ ಅತ್ತಲೇ ಕತ್ತು ಚಾಚಿ ಉದ್ದುದ್ದ ಬೆಳೆದವು. "ಎಲ್ಲಾರಿಗೂ ಕಿಟಕಿ ಸೀಟ ಬೇಕ ನೋಡ್ರಿ" ಎಂದು ದಿನಾ ಟ್ರೇ ತಿರುಗಿಸಿ ಇಡುತ್ತಿದ್ದರು. ಕೈಗೆ ಸಿಕ್ಕಷ್ಟು ಟ್ರೇ ಮೊದಲು ತುಂಬಿ, ಉಳಿದವನ್ನು ಕೆಲವು ದಿನ ತಡೆದು ಬಿತ್ತಿದ್ದರು. ಅದೇ ಅವರನ್ನು ಉಳಿಸಿತು.

ಮಿರಗದ, ಎಂದರೆ ಮೃಗಶಿರದ, ಮಳೆ ಒಂದು ಬಿತ್ತು. ಚಾಚಾ ಮೊದಲ ಪಾಳಿಯ ಅಗಿಗಳನ್ನು ಖೋಲಿಯಿಂದ ಎತ್ತಿ ಟಂಟಂನಲ್ಲಿ ಇಟ್ಟುಕೊಂಡು ಹೋಗಿ ಅದೇ ದಿನ ಹಚ್ಚಿ ಬಂದರು. ಮರುದಿನ ಮೋಡ ಸರಿಯಿತು. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಎಲೆಗಳು ಬಿಳುಚಿ ಕಾಗದದಂತಾಗಿದ್ದವು, ದಂಟುಗಳು ನೆಲಕ್ಕೆ ಒರಗಿದ್ದವು. ಅಣ್ಣ ಬದುವಿನ ಮೇಲೆ ನಿಂತು, "ಪಡದೇದಾಗಿನ ಮದಲಗಿತ್ತೀನ ಸೀದಾ ಕಳೆ ತಗ್ಯಾಕ ಕಳಿಸೀಯಲ್ಲೊ!" ಎಂದರಂತೆ. ಈ ಮಾತನ್ನು ಹೇಳಿದವರು ಸ್ವತಃ ಚಾಚಾ, ನಗುತ್ತಲೇ ಹೇಳಿದರು. ಆ ದಿನ ರಾತ್ರಿ ಊಟ ಬೇಡವೆಂದರು ಎಂದು ಹೇಳಿದವರು ಚಾಚಿ.

ಉಳಿದದ್ದು ಎರಡನೆಯ ಪಾಳಿ. ಅದೂ ಹೋದರೆ ಮುಗಿಯಿತು.

ಈ ಸಲ ಚಾಚಾ ಅವಸರ ಮಾಡಲಿಲ್ಲ. ಬೆಳಗಿನ ಹೊತ್ತು ಟ್ರೇಗಳನ್ನು ಕಟ್ಟೆಯ ಮೇಲೆ, ಬೇವಿನ ನೆರಳಿಗೆ ತಂದಿಟ್ಟು, ಬಿಸಿಲೇರುವ ಮೊದಲು ಒಳಗೆ ಒಯ್ಯುವುದು. ಮರುದಿನ ಇನ್ನಷ್ಟು ಹೊತ್ತು. ಆಮೇಲೆ ನೆರಳಿನ ಅಂಚಿಗೆ, ಆಮೇಲೆ ಬಿಸಿಲಿಗೆ. ನೀರನ್ನೂ ಕಡಿಮೆ ಮಾಡುತ್ತ ಬಂದರು. ಎಲೆ ಬಾಡಿದ್ದು ಕಂಡು ಚಾಚಿ ತಂಬಿಗೆ ಹಿಡಿದು ಬಂದಾಗಲೇ ಅವರು ಆ ಎರಡು ಕೈ ತೋರಿಸಿದ್ದು.

"ನೋಡು. ಇದು ಒಂದ ದಿನದಾಗ ಕರ್ರಗಾಗೇತೇನು?"

"ನಿಮ್ಮ ಕೈಗೆ ಊಟಾನಾರ ಹಾಕೀನಿ. ಇವಕ್ಕ ನೀರೂ ಇಲ್ಲೇನು?" ಎಂದರು ಚಾಚಿ. ಆದರೂ ತಂಬಿಗೆ ತಿರುಗಿ ಒಳಗೆ ಹೋಯಿತು.

ಕಷ್ಟ ಬಂದದ್ದು ಮನೆಯಿಂದಲ್ಲ, ಓಣಿಯಿಂದ. ನಮ್ಮ ಜನ ಏನನ್ನಾದರೂ ಸಹಿಸಿಯಾರು, ಬಾಡಿದ ಗಿಡವನ್ನು ಕಂಡು ಸುಮ್ಮನೆ ದಾಟಿ ಹೋಗಲಾರರು. ಗುಡಿಯಿಂದ ಬರುವವರು ತಂಬಿಗೆಯಲ್ಲಿ ಉಳಿದದ್ದನ್ನು ಸುರಿದರು. ನಲ್ಲಿಯಿಂದ ಕೊಡ ಹೊತ್ತು ಬರುವವರು ಒಂದು ಬೊಗಸೆ ಚೆಲ್ಲಿದರು. ಸಾಲೆಯ ಹುಡುಗಿಯರು ಬಾಟಲಿಯ ತಳದ ನೀರು ಹಾಕಿದರು. ಎಲ್ಲರೂ ಮನಸ್ಸಿನಲ್ಲಿ ಒಂದಿಷ್ಟು ಪುಣ್ಯ ಕಟ್ಟಿಕೊಂಡು ಹೋದರು. ಚಾಚಾ ನಮಾಜು ಮುಗಿಸಿ ಬರುವಷ್ಟರಲ್ಲಿ ಟ್ರೇ ಕೆಸರು. ಕೆಲವೇ ದಿನಗಳಲ್ಲಿ ಒಂದು ಟ್ರೇಯ ಅಗಿಗಳು ಬುಡದಲ್ಲಿ ಕೊಳೆತು ಮಲಗಿದವು.

ಎಲ್ಲರಿಗಿಂತ ಹೆಚ್ಚು ನೀರು ಹಾಕುತ್ತಿದ್ದವಳು ಎದುರು ಮನೆಯ ಮುದುಕಿ, ಓಣಿಗೆಲ್ಲ ಆಯಿ. ಒಂದು ಬೆಳಿಗ್ಗೆ ಚೊಂಬಿನ ಸಮೇತ ಸಿಕ್ಕಿಬಿದ್ದಳು. ನಾನು ಮೇಲಿನಿಂದ ಕೇಳುತ್ತಿದ್ದೆ.

"ಏ ಡ್ರೈವರಾ, ಬಾಯಿಲ್ಲದ ಜೀವಾ ಒಣಗಿಸಿ ಕೊಲ್ಲಾಕ ಹತ್ತೀಯಲ್ಲೊ, ನಿನಗ ಒಂದೀಟರ ಕರುಣಾ ಐತೇನು?"

"ಆಯೀ, ಅವು ಸಾಯಾಕ ಹತ್ತಿಲ್ಲ. ನೀರ ಹುಡಿಕ್ಕೊಂಡ ಬೇರ ಇಳಸಾಕ ಹತ್ಯಾವ. ನೀ ಮ್ಯಾಲಿಂದ ಕೊಟ್ಟಿ ಅಂದ್ರ ಅವು ಯಾಕ ಕೆಳಗ ಹೋಗತಾವ?"

"ನೀ ಯಾವಾಗಿಂದ ಒಕ್ಕಲಿಗ ಆದ್ಯೊ?"

"ಇನ್ನೂ ಆಗಿಲ್ಲ ಆಯೀ. ಅದಕ್ಕ ಕೈ ಮುಗಿತೇನಿ."

ಆಯಿ ಮೆತ್ತಗಾದಳು. ಆಗ ಚಾಚಾ ಆಕೆಗೆ ಒಂದು ಕೆಲಸ ಕೊಟ್ಟರು. "ಇವತ್ತಿಂದ ನೀನ ಈ ಗಾಡಿ ಕಂಡಕ್ಟರ್. ಒಂದ ಹನಿನೂ ಟಿಕೇಟ್ ಇಲ್ಲದ ಹತ್ತಬಾರದು."

ಅಲ್ಲಿಂದ ಆಯಿ ತನ್ನ ಕಟ್ಟೆ ಬಿಟ್ಟು ಏಳಲಿಲ್ಲ. ತಂಬಿಗೆ ಹಿಡಿದು ಯಾರಾದರೂ ಕಂಡರೆ ಓಣಿಯ ತುದಿಗೆ ಕೇಳುವಂತೆ ಕೂಗುತ್ತಿದ್ದಳು. ಒಮ್ಮೆ ಪೂಜಾರಪ್ಪನನ್ನೂ ಬಿಡಲಿಲ್ಲ: "ತೀರ್ಥ ಆದ್ರೇನಾತು? ಒಯ್ಯಿ ಆ ಕಡೆ!"

ಹಾಗೆಂದು ಚಾಚಾ ತಪ್ಪೇ ಮಾಡಲಿಲ್ಲ ಎಂದಲ್ಲ. ಬಿಸಿಲಾಯಿತು, ಇನ್ನು ಗಾಳಿ ಕಲಿಸಬೇಕು ಎಂದು ಅವರಿಗೆ ಹೊಳೆಯಿತು. ಆಷಾಢದಲ್ಲಿ ನಮ್ಮ ಬಯಲಿನ ಗಾಳಿ ಮನುಷ್ಯರನ್ನೇ ಅಲುಗಿಸುತ್ತದೆ, ಅಗಿಯ ಪಾಡೇನು? ಇನ್ನೊಬ್ಬರಾಗಿದ್ದರೆ ಟ್ರೇಯನ್ನು ಮಾಳಿಗೆಯ ಮೇಲೆ ಇಟ್ಟು ಸುಮ್ಮನಿರುತ್ತಿದ್ದರು. ಇವರು ಜೀವನವೆಲ್ಲ ಗಾಳಿಯನ್ನು ಕಿಟಕಿಯಿಂದಲೇ ಕಂಡವರು, ಹಾಗಾಗಿ ಒಂದು ಟ್ರೇಯನ್ನು ಮೊಪೆಡ್ಡಿನ ಹಿಂದೆ ಹಗ್ಗದಿಂದ ಕಟ್ಟಿ ಮಲಪ್ರಭೆಯ ಸೇತುವೆಯ ತನಕ ಒಂದು ಫೇರಿ ಹೊಡೆದು ಬಂದರು. "ಹಗೂರಕ ಹೊಡದೇನ್ರಿ, ಮೂವತ್ತರ ಮ್ಯಾಲ ಹೋಗಿಲ್ಲ" ಎಂದು ನನಗೆ ಸಮಜಾಯಿಷಿ ಕೊಟ್ಟರು. ಟ್ರೇಯಲ್ಲಿ ಬರೀ ದಂಟು ನಿಂತಿತ್ತು. ಎದುರು ಕಟ್ಟೆಯಿಂದ ಆಯಿ, "ಪ್ಯಾಸೆಂಜರ್ ಎಲ್ಲಿ ಇಳದ್ರೊ?" ಎಂದಳು. ಚಾಚಾ ಅಷ್ಟು ನಾಚಿದ್ದನ್ನು ನಾನು ಮತ್ತೆ ಕಂಡಿಲ್ಲ. ಮರುದಿನದಿಂದ ಟ್ರೇಗಳು ನನ್ನ ಖೋಲಿಯ ಮುಂದೆ ಮಾಳಿಗೆಯ ಮೇಲೆ ಇದ್ದವು, ತಮ್ಮ ಪಾಡಿಗೆ ಗಾಳಿ ಕುಡಿಯುತ್ತ.

ಇನ್ನು ಮಳೆಯ ಸಂಜೆ. ಇದನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಪರೀಕ್ಷೆಗೆ ಹೆದರಿದ ವಿದ್ಯಾರ್ಥಿಗಳಿಗೆ, ಗಂಡನ ಮನೆಗೆ ಹೊರಟ ತಂಗಿಗೆ, ಕೆಲವೊಮ್ಮೆ ನನಗೇ. ಮರುದಿನ ಅಗಿ ಹೊಲಕ್ಕೆ ಹೋಗಬೇಕು. ಪಡುವಣದಿಂದ ಮೋಡ ಕಟ್ಟಿ ಬಂತು. ಮೊದಲು ಗಾಳಿ, ಹಿಂದೆಯೇ ದಪ್ಪ ಹನಿ. ನಾನು ಪುಸ್ತಕ ಬಿಸಾಕಿ ಒಂದು ಟ್ರೇ ಎತ್ತಿಕೊಂಡೆ. ಚಾಚಾ, ಹಿಂದೆ ಚಾಚಿ, ಮೆಟ್ಟಿಲು ಹತ್ತಿ ಬಂದರು. "ಇಡ್ರಿ ಅಕ್ಕಾರ ಕೆಳಗ. ನಾಳಿ ಹೊಲದಾಗ ಎತ್ತಿಕೊಳ್ಳಾಕ ಯಾರ ಬರತಾರ?" ಎಂದರು ಚಾಚಾ. ನಾನು ಇಟ್ಟೆ. ಮಳೆ ಅಗಿಗಳ ಮೇಲೆ ಬಡಿಯಿತು. ಚಾಚಾ ನನ್ನ ಬಾಗಿಲಲ್ಲಿ ಎರಡೂ ಕೈ ಹಿಂದಕ್ಕೆ ಕಟ್ಟಿ, ಅಲುಗದೆ ನಿಂತು ನೋಡಿದರು. ಬೆಳಗಾದಾಗ ಬಗ್ಗಿದ್ದ ಅಗಿಗಳಲ್ಲಿ ಹೆಚ್ಚಿನವು ಎದ್ದು ನಿಂತಿದ್ದವು.

ಆ ಅಗಿ ಸುರೇಬಾನದ ಹೊಲದಲ್ಲಿ ಆಷಾಢದ ಗಾಳಿ ತಡೆದು ನಿಂತಿತು. ಅಣ್ಣ ಒಂದು ದಿನ ಸಾಲಿನಲ್ಲಿ ನಡೆದು, ಬಗ್ಗಿ ಒಂದು ಗಿಡದ ದಂಟನ್ನು ಬೆರಳಿನಲ್ಲಿ ಹಿಡಿದು ನೋಡಿ, "ಈ ವರ್ಷ ಕಬ್ಬಿನ ಬೀಜಕ್ಕ ಹೇಳೂದಿಲ್ಲ" ಎಂದರಂತೆ. ಚಾಚಾ ಇದನ್ನು ಬೇರೆ ಬೇರೆ ರೀತಿ ಹೇಳುತ್ತಿದ್ದರು. ಒಂದರಲ್ಲಿ ಅಣ್ಣ ಮಾತೇ ಆಡದೆ ತಂಬಾಕು ಉಗುಳಿ ಹೋಗುತ್ತಾರೆ. ಯಾವುದು ನಿಜವೋ ತಿಳಿಯದು. ಮೂಲೆ ಮಾತ್ರ ಅವರದಾಯಿತು. ಮುಂದಿನ ಪ್ರತಿ ವರ್ಷವೂ ಮಂಚ ಗೋಡೆಗೆ ನಿಂತಿತು, ಆಯಿ ಕಂಡಕ್ಟರ್ ಆದಳು, ನನಗೆ ಹಸಿಮೆಣಸಿನಕಾಯಿ ಕೊಳ್ಳುವ ಪ್ರಸಂಗ ಬರಲಿಲ್ಲ.

ಹೋದ ಚಳಿಗಾಲ ಚಾಚಾ ತೀರಿಕೊಂಡರು. ಬೆಳಗಿನ ಚಹಾ ಕುಡಿದು, ಎದೆ ಹಿಡಿದಂತಾಗಿದೆ ಎಂದು ಗೋಡೆಗೆ ಒರಗಿದರು. ಆಸ್ಪತ್ರೆ ಮುಟ್ಟುವ ತನಕ ಇರಲಿಲ್ಲ.

ಕೆಲವು ವಾರಗಳ ನಂತರ ಚಾಚಿಯ ಜೊತೆ ಕೂತಾಗ ಆ ಮಳೆಯ ಸಂಜೆಯನ್ನು ನೆನೆಸಿದೆ. ಚಾಚಾ ಅವರ ಆ "ಯಾರ ಬರತಾರ" ಎಂಬ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೆ ಎಂದೆ. ಚಾಚಿ ನನ್ನನ್ನೇ ನೋಡಿದರು.

"ಅದು ಅವರು ಅಂದದ್ದಲ್ರಿ. ನಾ ಅಂದದ್ದು. ಅವರು ಒಂದ ಟ್ರೇ ಎತ್ತಿಕೊಂಡು ಆಗಲೇ ಮೆಟ್ಟಲಾ ಇಳ್ಯಾಕ ಹತ್ತಿದ್ರು. ನಾನ ಕಸಗೊಂಡ ಇಟ್ಟೆ. ಕೈ ಹಿಂದ ಕಟ್ಟಿದ್ರು ಅಂತ ಮಾಡೀರೇನು? ನಾ ಹಿಡಕೊಂಡಿದ್ನಿ."

ಮೇಲೆ ಬಂದು ಆ ವರ್ಷದ ಡೈರಿ ತೆಗೆದೆ. "ಸಂಜೆ ಜೋರು ಮಳೆ. ಟ್ರೇಗಳು ಹೊರಗೇ." ಅಷ್ಟೇ. ಯಾರು ಏನೆಂದರು ಎಂಬುದಿಲ್ಲ. ಆ ಮಾತನ್ನು ಅವರ ಬಾಯಲ್ಲಿ ಇಟ್ಟದ್ದು ನಾನೇ, ಅವರಿಗೆ ಒಪ್ಪುತ್ತದೆ ಎಂದು. ಇಷ್ಟು ದಿನ ನಾನು ಋಣಿಯಾಗಿದ್ದದ್ದು ಮಳೆಯಲ್ಲಿ ಅಲುಗದೆ ನಿಂತ ಒಬ್ಬರಿಗೆ. ನಿಜವಾಗಿ ಅಲ್ಲಿದ್ದವರು ತಾಳಲಾರದೆ ಓಡಿದವರು, ಹೆಂಡತಿ ಕೈ ಹಿಡಿದದ್ದರಿಂದ ನಿಂತವರು. ಈಗಲೂ ಆ ಕಥೆ ಹೇಳುತ್ತೇನೆ, ಆದರೆ ಚಾಚಿ ಹೇಳಿದ ಹಾಗೆ. ಹೆದರಿದವರಿಗೆ ಈ ಚಾಚಾ ಹೆಚ್ಚು ಹತ್ತಿರದವರಾಗಿ ಕಾಣುತ್ತಾರೆ. ನನಗೂ.

ಬಾವಿಯ ಕಡೆಯ ಮೂಲೆಗೆ ಈ ವರ್ಷ ಕಬ್ಬು ಬರುತ್ತದೆ ಎಂದು ಓಣಿಯೆಲ್ಲ ಅಂದುಕೊಂಡಿತ್ತು. ಚಾಚಿ ಯಾರನ್ನೂ ಕೇಳದೆ ವೈಶಾಖದಲ್ಲಿ ಟ್ರೇ ತುಂಬಿ ಬೀಜ ಹಾಕಿದರು. ಅಗಿ ಎದ್ದು ಗೇಣುದ್ದಕ್ಕೆ ಬಂದ ಹೊತ್ತಿಗೆ ಸುರೇಬಾನದ ಅಣ್ಣ ಬಂದರು. ಇದನ್ನು ನಾನು ಕಣ್ಣಾರೆ ಕಂಡು ಅದೇ ಸಂಜೆ ಬರೆದಿಟ್ಟಿದ್ದೇನೆ, ಹಾಗಾಗಿ ಧೈರ್ಯವಾಗಿ ಹೇಳಬಲ್ಲೆ. ಚಾಚಿ ಒಂದು ಟ್ರೇ ಹಿಡಿದು ಬಾಗಿಲು ದಾಟುತ್ತಿದ್ದರು. ಅಣ್ಣನನ್ನು ಕಂಡು ನಿಂತರು. ಕಬ್ಬಿನ ಮಾತು ಬರುತ್ತದೆ ಎಂದು ನಾನೂ ಮಾಳಿಗೆಯ ಅಂಚಿಗೆ ಬಂದು ಬಗ್ಗಿ ನೋಡಿದೆ. ಅಣ್ಣ ಟೋಪಿ ಸರಿಮಾಡಿಕೊಂಡರು, ಚಪ್ಪಲಿ ಕಳಚಿ ಒಳಗೆ ಹೋದರು, ಎರಡೂ ಕೈಯಲ್ಲಿ ಇನ್ನೊಂದು ಟ್ರೇ ಹಿಡಿದುಕೊಂಡು ಹೊರಗೆ ಬಂದರು. ಓಣಿಗೂ ಕೇಳುವಂತೆ ಕನ್ನಡದಲ್ಲೇ ಕೇಳಿದರು.

"ಎಲ್ಲಿಡಬೇಕಿದನ್ನ?"

"ನೆರಳಾಗ ಇಡ್ರಿ" ಎಂದರು ಚಾಚಿ. "ಇವತ್ತ ಮೊದಲನೇ ದಿನಾ."