ಎಳನೀರಿಗೆ ಒಂದು ಬಿಂದಿಗೆ

ಕಳೆದ ಭಾನುವಾರ ಗೆಳತಿಯೊಡನೆ ಕೋಟೆ ನೋಡಲು ಹೋದವಳು ಬಾಗಿಲಲ್ಲೇ ಎಳನೀರು ಕುಡಿದೆ. ದುಡ್ಡು ಕೊಟ್ಟು ಕುಡಿದದ್ದು ಅದೇ ಮೊದಲು. ಬುರುಡೆ ಹಿಡಿದು ಆಚೀಚೆ ನೋಡುತ್ತಿದ್ದೆ.

"ಏನು ಹುಡುಕ್ತಿದೀಯೇ?" ಎಂದಳು ಗೆಳತಿ.

ಬಾವಿ ಎಂದರೆ ನಗುತ್ತಿದ್ದಳು. ನೀವು ನಗುವುದಿಲ್ಲವೆಂದು ನಂಬಿ ಹೇಳುತ್ತೇನೆ.

ತುರುವೇಕೆರೆಯಿಂದ ಸಂಪಿಗೆಗೆ ಹೋಗುವ ದಾರಿಯಲ್ಲಿ ನಮ್ಮ ದೊಡ್ಡಪ್ಪನ ತೆಂಗಿನ ತೋಟ. ಅದರ ಅಂಚಿಗೆ ಹಳೆಯ ಗುಡಿ. ಚಾವಣಿಯಲ್ಲಿ ಕಲ್ಲಿನ ತಾವರೆ. ಅದನ್ನು ನೋಡಲು ಆಗೊಮ್ಮೆ ಈಗೊಮ್ಮೆ ಯಾರಾದರೂ ಸೈಕಲ್ಲಿನಲ್ಲಿ ಬರುತ್ತಿದ್ದರು. ಬಂದವರಿಗೆ ದೊಡ್ಡಪ್ಪ ಎಳನೀರು ಕೆತ್ತಿ ಕೊಡುತ್ತಿದ್ದರು. ನಮ್ಮ ಕಡೆ ಕಾಯಿ ಇರುವುದು ಕೊಬ್ಬರಿಗೆ. ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷವಿಡೀ ಒಣಗಿ, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎನ್ನಬೇಕು. ಎಳೆಯದನ್ನು ಕೀಳುವುದು ನೆಂಟರಿಗೆ, ಕಾಯಿಲೆಯವರಿಗೆ ಮಾತ್ರ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದೆಂದರೆ ದೊಡ್ಡಪ್ಪನ ಪಾಲಿಗೆ ಮನೆಯೂಟಕ್ಕೆ ಬಿಲ್ಲು ಬರೆದಂತೆ.

ಪಿಯುಸಿ ರಜೆಯಲ್ಲಿ ನಾನು ಅಲ್ಲಿದ್ದಾಗ ರಸ್ತೆಗೆ ಡಾಂಬರು ಬಿದ್ದಿತ್ತು, ಪತ್ರಿಕೆಯಲ್ಲಿ ಗುಡಿಯ ಫೋಟೋ ಬಂದಿತ್ತು. ಜನ ಬಸ್ಸು ಮಾಡಿಕೊಂಡು ಬರತೊಡಗಿದರು. ದಿನಚರಿ ಬರೆಯುವ ಚಟದವಳು ನಾನು. ಬಂದವರನ್ನು ಗೀಟು ಹಾಕಿ ಎಣಿಸುತ್ತಿದ್ದೆ. ಗೀಟು ಹೆಚ್ಚಿದಷ್ಟೂ ಊರಿಗೆ ಕೀರ್ತಿ ಎಂದು ಹಿಗ್ಗುತ್ತಿದ್ದೆ. ತಲೆಯೆತ್ತಿ ಮರಗಳನ್ನು ನೋಡಬೇಕೆಂದು ಹೊಳೆಯಲಿಲ್ಲ.

ಮುಂದಿನ ಬೇಸಗೆಗೆ ಹೋದಾಗ ಅಟ್ಟದಲ್ಲಿ ಇಲಿ ಓಡಿದರೂ ಸದ್ದಿಲ್ಲ. ಮೊದಲಾದರೆ ಕಾಯಿಗಳು ಉರುಳಿ ನಿದ್ದೆ ಕೆಡಿಸುತ್ತಿದ್ದವು. ಆ ಕೊಬ್ಬರಿ ಮಾರಿ ಬಾವಿಗೆ ಮೋಟಾರು ಹಾಕಿಸಬೇಕೆಂದು ದೊಡ್ಡಮ್ಮ ಕಾದಿದ್ದರು.

"ಅಟ್ಟ ಒಂದ್ಸಲ ಹತ್ತಿ ನೋಡ್ರೀ. ಬಸ್ಸಿನೋರು ಕುಡ್ದಿದ್ದು ನೀರಲ್ಲ, ನಮ್ಮ ಮೋಟ್ರು," ಎಂದರು.

"ಬಾಯಾರಿ ಬಂದೋರ್ಗೆ ಇಲ್ಲ ಅನ್ನಕ್ಕಾಯ್ತದೇನೇ?"

"ಹಂಗಾದ್ರೆ ಮಾರಿ."

"ಎಳ್ನೀರು ಮಾರ್ಕೊಂಡ ಅನ್ನುಸ್ಕೊಳ್ಳಾನಾ? ಬುಡು ಕಣೇ."

"ಬುಟ್ಟೆ. ಈ ಬ್ಯಾಸ್ಗೇಲೂ ನೀವೇ ಸೇದಿ ಸಸಿಗೆ ಉಯ್ಯಿರಿ," ಎಂದು ದೊಡ್ಡಮ್ಮ ಬಿಂದಿಗೆಯನ್ನು ಅವರ ಮುಂದೆ ಕುಕ್ಕಿದರು.

ದೊಡ್ಡಪ್ಪ ಅದನ್ನೇ ನೋಡುತ್ತ ಕುಳಿತರು. ಅಷ್ಟರಲ್ಲಿ ಬಸ್ಸೊಂದು ಬಂದು ನಿಂತಿತು. ಕಪ್ಪು ಕನ್ನಡಕದವರೊಬ್ಬರು ಇಳಿದು, "ಯಜಮಾನ್ರೇ, ಎಳನೀರು ಎಷ್ಟು?" ಎಂದರು.

"ದುಡ್ಡಿಗಿಲ್ಲ ಕಣ್ರೀ. ಒಂದು ಬಿಂದಿಗೆ ಸೇದಿ ಆ ತೆಂಗಿನ ಸಸಿಗೆ ಹಾಕ್ಬನ್ನಿ, ಕೆತ್ಕೊಡ್ತೀನಿ."

ಕೆಲವರು ಮುಖ ಸಿಂಡರಿಸಿ ಬಸ್ಸು ಹತ್ತಿದರು. ಉಳಿದವರು ಹಗ್ಗ ಹಿಡಿದರು. ಕನ್ನಡಕದವರ ಬಿಂದಿಗೆ ಅರ್ಧ ದಾರಿಯಲ್ಲೇ ಅವರ ಪ್ಯಾಂಟಿನ ಮೇಲೆ ಚೆಲ್ಲಿತು. ದೊಡ್ಡಪ್ಪ ಮತ್ತೆ ಸೇದಿಸಿದರು. ಕುಡಿಯುವವರು ಕಡಿಮೆಯಾದರು, ಕುಡಿದವರು ಹೆಚ್ಚು ಹೊತ್ತು ಕೂತರು. ಒಬ್ಬಾಕೆ ಮರುವರ್ಷ ಮತ್ತೆ ಬಂದು ಗುಡಿಗೆ ಹೋಗುವ ಮೊದಲು ತಾನು ನೀರು ಹಾಕಿದ್ದ ಸಸಿ ಯಾವುದೆಂದು ಕೇಳಿದಳು.

ಮೋಟಾರು ಬರುವುದು ತಡವಾಯಿತು. "ನಿಧಾನಕ್ಕೆ ಬರ್ಲಿ ಬುಡಿ, ಬೆಂಗ್ಳೂರೋರೇ ಸೇದ್ತಾವ್ರಲ್ಲ," ಎಂದು ದೊಡ್ಡಮ್ಮ ಸೆರಗು ಅಡ್ಡ ಹಿಡಿದು ನಕ್ಕರು. ಅಟ್ಟದ ಸದ್ದು ಮೆಲ್ಲಗೆ ಮರಳಿತು.

ಕೋಟೆಯ ಬಾಗಿಲಲ್ಲಿ ಬುರುಡೆಗಳ ಗುಡ್ಡೆ ಗೋಡೆಯ ಅರ್ಧಕ್ಕೆ ಬಂದಿತ್ತು. ಪಕ್ಕದಲ್ಲೇ ಯಾರೋ ನೆಟ್ಟ ಹೊಂಗೆಯ ಗಿಡ ಎಲೆ ಜೋಲುಹಾಕಿಕೊಂಡು ನಿಂತಿತ್ತು.

"ಇಲ್ಲಿ ಬಾವಿ ಎಲ್ಲಿದೆ?" ಎಂದು ಎಳನೀರಿನವನನ್ನು ಕೇಳಿದೆ.

"ಬಾವಿ ಯಾಕಮ್ಮ? ದುಡ್ಡು ಕೊಟ್ಟಾಯ್ತಲ್ಲ."

ಚೀಲದಲ್ಲಿದ್ದ ನೀರಿನ ಬಾಟಲಿಯನ್ನು ಹೊಂಗೆಯ ಬುಡಕ್ಕೆ ಬಗ್ಗಿಸಿದೆ. ನೆಲ ಅದನ್ನು ಒಂದೇ ಗುಟುಕಿಗೆ ಕುಡಿಯಿತು. ಗೆಳತಿಯ ಕಡೆ ಕೈ ಚಾಚಿ, ಅವಳ ಬಾಟಲಿಯನ್ನೂ ಕೇಳಿದೆ.